ಕರಿಮರಳಿನಿಂದ ಬಿಳಿ ಗುಳಿಗೆಯವರೆಗೆ: ಟೈಟೇನಿಯಂ ಆಕ್ಸೈಡ್ ಮತ್ತು ನಮ್ಮ ಆರೋಗ್ಯ

ಕಳೆದ ಅಮಾವಾಸ್ಯೆಯ ದಾಸೋಹಕ್ಕೆ ಕುಮಟಾ ತಾಲ್ಲೂಕಿನ ಧಾರೇಶ್ವರದ ಕಡೆಯಿಂದ ವೃದ್ಧ ತಾಯಿಯೊಬ್ಬರು ಬಂದಿದ್ದರು. ಪ್ರಸಾದ ಸ್ವೀಕರಿಸಿದ ಮೇಲೆ ನಮ್ಮನ್ನು ಕಂಡು, ಸೆರಗಿನ ಗಂಟನ್ನು ಬಿಚ್ಚಿ ಒಂದು ಗುಳಿಗೆಯ ಪಟ್ಟಿಯನ್ನು ಕೈಗಿತ್ತರು. “ಅಪ್ಪಾ, ಇದರೊಳಗೆ ಗೋಡೆಗೆ ಬಳಿಯುವ ಬಣ್ಣ ಉಂಟಂತೆ. ಪರದೇಶದಲ್ಲಿ ಇದನ್ನು ನಿಷೇಧ ಮಾಡಿದ್ದಾರಂತೆ. ಮೊಮ್ಮಗ ಮೊಬೈಲಿನಲ್ಲಿ ಓದಿ ಹೇಳಿದ. ನಾನು ನುಂಗುವುದನ್ನು ಬಿಟ್ಟು ಹನ್ನೆರಡು ದಿವಸವಾಯಿತು” ಎಂದರು. ಅದು ರಕ್ತದೊತ್ತಡದ ಗುಳಿಗೆ. ಪಟ್ಟಿಯ ಹಿಂಬದಿಯಲ್ಲಿ ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ‘ಬಣ್ಣ: ಟೈಟೇನಿಯಂ ಡೈಆಕ್ಸೈಡ್’ ಎಂದು ಮುದ್ರಿತವಾಗಿದ್ದುದು ನಿಜ.

ಆ ತಾಯಿಯನ್ನು ಅಂದೇ ವೈದ್ಯರಲ್ಲಿಗೆ ಕಳುಹಿಸಿದೆವು. ಆದರೆ ಅವರ ಪ್ರಶ್ನೆ ನಮ್ಮಲ್ಲಿಯೇ ಉಳಿಯಿತು. ಗೋಡೆಯ ಬಣ್ಣದಲ್ಲಿರುವ ವಸ್ತು ಗುಳಿಗೆಯಲ್ಲೇಕೆ? ಅದು ವಿಷವೇ, ಅಲ್ಲವೇ? ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ಅದು ದೇಹವನ್ನು ಯಾವ ಬಾಗಿಲಿನಿಂದ, ಯಾವ ರೂಪದಲ್ಲಿ, ಎಷ್ಟು ಪ್ರಮಾಣದಲ್ಲಿ ಪ್ರವೇಶಿಸುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ. ಸದ್ಭಕ್ತರೆಲ್ಲರಿಗೂ ಇದು ತಿಳಿದಿರಲೆಂದು ಈ ಸಂಚಿಕೆಯಲ್ಲಿ ವಿವರವಾಗಿ ಬರೆಯುತ್ತಿದ್ದೇವೆ.

ಮನೆಯಂಗಳದ ಖನಿಜ

ಆ ತಾಯಿ ಅಂಜಿದ ವಸ್ತುವಿನ ಮೂಲಖನಿಜ ಅವರ ಮನೆಯ ಮುಂದಿನ ಕಡಲತೀರದಲ್ಲಿಯೇ ಹರಡಿಕೊಂಡಿದೆ ಎಂದರೆ ಓದುಗರಿಗೆ ಅಚ್ಚರಿಯಾದೀತು. ಮಳೆಗಾಲ ಕಳೆದ ಮೇಲೆ ನಾವು ಕುಮಟಾದ ಧಾರೇಶ್ವರ, ಹೊನ್ನಾವರದ ಕಾಸರಕೋಡು, ಭಟ್ಕಳ ತಾಲ್ಲೂಕಿನ ಮುರ್ಡೇಶ್ವರ ಈ ಮೂರು ತೀರಗಳಲ್ಲಿ ನಡೆದಾಡಿದೆವು. ಬಿಳಿ-ಹಳದಿ ಮರಳಿನ ಮೇಲೆ ಅಲ್ಲಲ್ಲಿ ಕಾಡಿಗೆ ಎಳೆದಂತೆ ಕಪ್ಪು ಗೆರೆಗಳು ಕಂಡವು. ಒಂದು ಹಿಡಿ ಕರಿಮರಳನ್ನು, ಒಂದು ಹಿಡಿ ಬಿಳಿಮರಳನ್ನು ಎರಡು ಅಂಗೈಗಳಲ್ಲಿ ಹಿಡಿದರೆ ಕರಿಮರಳು ಹೆಚ್ಚು ತೂಗುವುದು ಕೈಗೇ ತಿಳಿಯುತ್ತದೆ.

ಈ ಗೆರೆಗಳನ್ನು ಬರೆದದ್ದು ಅಲೆಗಳೇ. ಶರಾವತಿ, ಅಘನಾಶಿನಿ, ವೆಂಕಟಾಪುರ ಮೊದಲಾದ ನದಿಗಳು ಘಟ್ಟದ ಬಂಡೆಗಳ ಸವಕಳಿಯನ್ನು ಹೊತ್ತು ಕಡಲಿಗೆ ತರುತ್ತವೆ. ಅದರಲ್ಲಿ ಬಹುಪಾಲು ಬೆಣಚುಕಲ್ಲಿನ ಹರಳು. ಅದು ನೀರಿಗಿಂತ ಸುಮಾರು 2.65 ಪಟ್ಟು ಭಾರ. ಆದರೆ ಇಲ್ಮನೈಟ್ ಎಂಬ ಕಪ್ಪು ಖನಿಜ ನೀರಿಗಿಂತ ಸುಮಾರು 4.7 ಪಟ್ಟು, ರೂಟೈಲ್ ಎಂಬ ಕೆಂಗಂದು ಖನಿಜ ಸುಮಾರು 4.2 ಪಟ್ಟು ಭಾರವಾಗಿವೆ. ಕಲ್ಲು ಬೆರೆತ ಅಕ್ಕಿಯನ್ನು ನೀರಿನಲ್ಲಿ ಆಡಿಸಿ ಆಡಿಸಿ ಬೇರೆ ಪಾತ್ರೆಗೆ ಬಗ್ಗಿಸುವಾಗ ಕಲ್ಲು ತಳದಲ್ಲಿಯೇ ಉಳಿಯುವಂತೆ, ಮಳೆಗಾಲದ ದೊಡ್ಡ ಅಲೆಗಳು ಹಗುರವಾದ ಬಿಳಿಮರಳನ್ನು ಎಳೆದೊಯ್ದು ಭಾರವಾದ ಹರಳುಗಳನ್ನು ದಡದಲ್ಲಿ ಬಿಡುತ್ತವೆ.

ಹೊನ್ನಾವರ ತೀರದ ಇಲ್ಮನೈಟ್ ಯಾವ ಬಂಡೆಗಳಿಂದ ಬಂದಿತು ಎಂಬುದನ್ನು ಧಾರವಾಡದ ಸಂಶೋಧಕರು ಅಭ್ಯಸಿಸಿ 2006ರಲ್ಲಿ ‘ಕರೆಂಟ್ ಸೈನ್ಸ್’ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಹಾಗೆಂದು ಕಪ್ಪಾಗಿರುವ ಮರಳೆಲ್ಲ ಇಲ್ಮನೈಟ್ ಎಂದು ತಿಳಿಯಲಾಗದು. ಕಾರವಾರದ ಮಾಜಾಳಿಯ ಬಳಿಯ ತಿಳಮಾತಿ ತೀರದ ಎಳ್ಳಿನಂತಹ ಮರಳಿನ ಕಪ್ಪು ಅಲ್ಲಿನ ಕಪ್ಪು ಶಿಲೆಯಿಂದ ಬಂದದ್ದು. ನಾವು ಹಳೆಯ ಧ್ವನಿವರ್ಧಕದಿಂದ ತೆಗೆದ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಕರಿಮರಳಿನ ಮೇಲೆ ಹಿಡಿದಾಗ ಕೆಲವು ಹರಳುಗಳು ಮಾತ್ರ ಜಿಗಿದು ಅಂಟಿಕೊಂಡವು. ಅವು ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನವು. ಇಲ್ಮನೈಟನ್ನು ಸೆಳೆಯಲು ಹೆಚ್ಚು ಪ್ರಬಲವಾದ ಅಯಸ್ಕಾಂತ ಬೇಕು. ರೂಟೈಲ್ ಅದಕ್ಕೂ ಒಲಿಯುವುದಿಲ್ಲ. ಖನಿಜ ಕಾರ್ಖಾನೆಗಳಲ್ಲಿ ಇವೆರಡನ್ನು ಬೇರ್ಪಡಿಸುವುದು ಈ ವ್ಯತ್ಯಾಸದ ಬಲದಿಂದಲೇ.

ಕೇರಳದ ಕೊಲ್ಲಂ ಜಿಲ್ಲೆಯ ಚವರದಲ್ಲಿ ಇಂತಹ ಮರಳಿನ ನಿಕ್ಷೇಪ ಬಹು ಸಮೃದ್ಧ. ಅಲ್ಲಿಯ ಕರಾವಳಿಯ ಸಂಪತ್ತು ಲೋಕಕ್ಕೆ ಗೊತ್ತಾದ ಕಥೆಯೂ ಸ್ವಾರಸ್ಯದ್ದು. ತಿರುವಾಂಕೂರಿನಿಂದ ಹಡಗೇರಿ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳನ್ನು 1909ರಲ್ಲಿ ಷೋಂಬರ್ಗ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನು ಪರೀಕ್ಷಿಸಿ, ಅದರಲ್ಲಿ ಮೊನಜೈಟ್ ಎಂಬ ಬೆಲೆಬಾಳುವ ಖನಿಜವನ್ನು ಗುರುತಿಸಿದನು. ಇಲ್ಮನೈಟ್ ಮತ್ತು ರೂಟೈಲ್ ಅದೇ ಮರಳಿನ ಒಡನಾಡಿಗಳು. 1950ರಲ್ಲಿ ಸ್ಥಾಪನೆಯಾದ ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆಯು ಇಂದಿಗೂ ಅಲ್ಲಿ ಈ ಖನಿಜಗಳನ್ನು ತೆಗೆಯುತ್ತಿದೆ. ನಮ್ಮ ಉತ್ತರ ಕನ್ನಡದ ತೀರದಲ್ಲಿ ಅಂತಹ ದೊಡ್ಡ ಗಣಿಗಾರಿಕೆ ನಡೆದಿಲ್ಲ.

ಕಪ್ಪು ಬಿಳಿಯಾಗುವ ಬಗೆ

ಟೈಟೇನಿಯಂ ಒಂದು ಲೋಹ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ವಿಲಿಯಂ ಗ್ರೆಗರ್ ಎಂಬ ಪಾದ್ರಿಯು 1791ರಲ್ಲಿ ಹಳ್ಳವೊಂದರ ಕರಿಮರಳನ್ನು ಪರೀಕ್ಷಿಸುತ್ತಿದ್ದಾಗ ಇದರ ಸುಳಿವು ಸಿಕ್ಕಿತು. 1795ರಲ್ಲಿ ಜರ್ಮನಿಯ ಕ್ಲಾಪ್ರೋತ್ ಎಂಬ ವಿಜ್ಞಾನಿಯು ಅದನ್ನು ರೂಟೈಲಿನಲ್ಲಿಯೂ ಕಂಡು ಟೈಟೇನಿಯಂ ಎಂದು ಹೆಸರಿಟ್ಟನು.

ಇಲ್ಮನೈಟಿನಲ್ಲಿ ಟೈಟೇನಿಯಂ, ಕಬ್ಬಿಣ ಮತ್ತು ಆಮ್ಲಜನಕ ಮೂರೂ ಕೂಡಿವೆ. ರೂಟೈಲಿನಲ್ಲಿ ಕಬ್ಬಿಣವಿಲ್ಲ, ಅದು ಬಹುಮಟ್ಟಿಗೆ ಟೈಟೇನಿಯಂ ಡೈಆಕ್ಸೈಡ್ ಒಂದೇ. ಇದೇ ಸಂಯುಕ್ತವು ಅನಟೇಸ್, ಬ್ರೂಕೈಟ್ ಎಂಬ ಬೇರೆ ಹರಳಿನ ರೂಪಗಳಲ್ಲಿಯೂ ದೊರೆಯುತ್ತದೆ. ಕೆಂಪಿನ ಛಾಯೆಯನ್ನು ಸೂಚಿಸುವ ಲ್ಯಾಟಿನ್ ಪದದಿಂದ ರೂಟೈಲ್ ಎಂಬ ಹೆಸರು ಬಂದಿದೆ. ಅದರ ಕಾಠಿಣ್ಯ ಮೋಹ್ಸ್ ಮಾಪಕದಲ್ಲಿ 6ರಿಂದ 6.5. ಬೆಳಕನ್ನು ಬಾಗಿಸುವ ಶಕ್ತಿಯಲ್ಲಿ ಅದು ವಜ್ರವನ್ನೂ ಮೀರಿಸುತ್ತದೆ: ವಜ್ರದ ವಕ್ರೀಭವನಾಂಕ 2.42 ಆದರೆ ರೂಟೈಲಿನದು 2.6ರಿಂದ 2.9.

ಈ ಗುಣವೇ ಅದನ್ನು ಜಗತ್ತಿನ ಅತ್ಯುತ್ತಮ ಬಿಳಿಬಣ್ಣವನ್ನಾಗಿ ಮಾಡಿದೆ. ಕಡಲ ನೀರಿಗೆ ಬಿಳಿಯ ಬಣ್ಣವಿಲ್ಲ, ಆದರೂ ನೊರೆ ಬೆಳ್ಳಗಿರುತ್ತದೆ. ಸಣ್ಣ ಗುಳ್ಳೆಗಳು ಬೆಳಕನ್ನು ಎಲ್ಲ ದಿಕ್ಕುಗಳಿಗೆ ಚೆದುರಿಸುವುದೇ ಅದಕ್ಕೆ ಕಾರಣ. ಟೈಟೇನಿಯಂ ಡೈಆಕ್ಸೈಡನ್ನು ಮಿಲಿಮೀಟರಿನ ಸುಮಾರು ನಾಲ್ಕು ಸಾವಿರದ ಒಂದು ಭಾಗದಷ್ಟು ಸಣ್ಣ ಕಣಗಳನ್ನಾಗಿ ಮಾಡಿದಾಗ ಅದು ಬೆಳಕನ್ನು ಇನ್ನೂ ಚೆನ್ನಾಗಿ ಚೆದುರಿಸಿ, ತೆಳುವಾದ ಲೇಪನದಲ್ಲಿಯೇ ಅಡಿಯ ಬಣ್ಣವನ್ನು ಮರೆಮಾಡುತ್ತದೆ. ಕರಿಮರಳಿನಿಂದ ಈ ಬಿಳಿಪುಡಿಯನ್ನು ಪಡೆಯಲು ಎರಡು ಮಾರ್ಗಗಳಿವೆ. ಒಂದರಲ್ಲಿ ಇಲ್ಮನೈಟನ್ನು ಗಂಧಕಾಮ್ಲದಲ್ಲಿ ಕರಗಿಸಿ ಕಬ್ಬಿಣವನ್ನು ಬೇರ್ಪಡಿಸುತ್ತಾರೆ. ತಿರುವನಂತಪುರದ ಟ್ರಾವಂಕೂರ್ ಟೈಟೇನಿಯಂ ಪ್ರಾಡಕ್ಟ್ಸ್ ಕಾರ್ಖಾನೆಯ ಕ್ರಮ ಇದು. ಇನ್ನೊಂದರಲ್ಲಿ ಖನಿಜವನ್ನು ಕ್ಲೋರಿನ್ ಅನಿಲದೊಡನೆ ಕಾಯಿಸುತ್ತಾರೆ. ಚವರದ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ ಕಾರ್ಖಾನೆ ಇದನ್ನು ಅನುಸರಿಸುತ್ತದೆ. ಜಗತ್ತಿನಲ್ಲಿ ತೆಗೆಯುವ ಟೈಟೇನಿಯಂ ಖನಿಜದಲ್ಲಿ ಶೇಕಡ 90ಕ್ಕಿಂತ ಹೆಚ್ಚು ಪಾಲು ಈ ಬಿಳಿಪುಡಿಯಾಗಿಯೇ ಬಳಕೆಯಾಗುತ್ತದೆ.

ಒಂದು ಉಪಕಾರವನ್ನು ನೆನೆಯಬೇಕು. ಹಿಂದೆ ಬಿಳಿಯ ಬಣ್ಣಕ್ಕೆ ಸೀಸದ ಸಂಯುಕ್ತವನ್ನು ಬಳಸುತ್ತಿದ್ದರು. ಸೀಸವು ನರಮಂಡಲಕ್ಕೆ, ಅದರಲ್ಲಿಯೂ ಎಳೆಯ ಮಕ್ಕಳ ಮೆದುಳಿಗೆ, ನಿಜವಾದ ವಿಷ. 1916ರ ಸುಮಾರಿಗೆ ನಾರ್ವೆ ಮತ್ತು ಅಮೆರಿಕದಲ್ಲಿ ಟೈಟೇನಿಯಂ ಬಿಳುಪಿನ ತಯಾರಿಕೆ ಆರಂಭವಾಗಿ, ಕ್ರಮೇಣ ಸೀಸದ ಬಿಳುಪು ಹಿಂದೆ ಸರಿಯಿತು. ‘ಗೋಡೆಯ ಬಣ್ಣ’ ಎಂದು ನಾವು ಹಳಿಯುವ ವಸ್ತು ಅದಕ್ಕಿಂತ ಬಹಳ ಕೆಟ್ಟದ್ದರ ಸ್ಥಾನವನ್ನು ತುಂಬಿದೆ.

ದೇಹದ ನಾಲ್ಕು ಬಾಗಿಲುಗಳು

ಮೊದಲನೆಯದು ಮೂಳೆ. ಟೈಟೇನಿಯಂ ಲೋಹವು ಗಾಳಿಗೆ ತೆರೆದುಕೊಂಡ ಕೂಡಲೇ ಅದರ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆಯೇ ಲೋಹವನ್ನು ತುಕ್ಕಿನಿಂದಲೂ ದೇಹವನ್ನು ಲೋಹದಿಂದಲೂ ಕಾಯುತ್ತದೆ. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ವೈದ್ಯರು 1950ರ ದಶಕದಲ್ಲಿ ಮೊಲದ ಕಾಲಿನ ಮೂಳೆಗೆ ಟೈಟೇನಿಯಂ ಸಾಧನವನ್ನು ಅಳವಡಿಸಿ ಅಧ್ಯಯನ ನಡೆಸಿದ್ದರು. ಕೊನೆಗೆ ತೆಗೆಯಲು ಹೋದಾಗ ಮೂಳೆಯು ಲೋಹವನ್ನು ತನ್ನದೆಂದೇ ಬಗೆದು ಬೆಸೆದುಕೊಂಡಿತ್ತು. 1965ರಲ್ಲಿ ಅವರು ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಟೈಟೇನಿಯಂ ಹಲ್ಲಿನ ಬೇರನ್ನು ನೆಟ್ಟರು. ಇಂದು ಹಲ್ಲಿನ ಇಂಪ್ಲಾಂಟ್, ಮುರಿದ ಮೂಳೆಗೆ ಹಾಕುವ ಪಟ್ಟಿ ಮತ್ತು ತಿರುಪು, ಸೊಂಟದ ಕೃತಕ ಕೀಲು ಇವುಗಳಲ್ಲಿ ಟೈಟೇನಿಯಂ ವ್ಯಾಪಕವಾಗಿ ಬಳಕೆಯಲ್ಲಿದೆ. ಈ ಬಾಗಿಲಿನಲ್ಲಿ ಅದು ನಮ್ಮ ಮಿತ್ರ.

ಎರಡನೆಯದು ಚರ್ಮ. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಡೆಯಲು ಸನ್‌ಸ್ಕ್ರೀನ್ ಲೇಪನಗಳಲ್ಲಿ ಟೈಟೇನಿಯಂ ಡೈಆಕ್ಸೈಡನ್ನು ಬಳಸುತ್ತಾರೆ. ಗಾಯವಿಲ್ಲದ ಆರೋಗ್ಯವಂತ ಚರ್ಮವನ್ನು ದಾಟಿ ಅದು ಒಳಗೆ ಇಳಿಯುವುದಿಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಹಗಲೆಲ್ಲ ದೋಣಿಯಲ್ಲಿ ಇರುವವರಿಗೆ, ತೊನ್ನು ಇರುವವರಿಗೆ ಇಂತಹ ಲೇಪನ ಉಪಯುಕ್ತ. ಆದರೆ ಸಿಂಪಡಿಸುವ ಬಗೆಯದು ಬೇಡ. ಅದರ ತುಂತುರು ಉಸಿರಿನೊಡನೆ ಒಳಹೋಗುತ್ತದೆ. ಅಡಿಕೆ ಹಾಳೆಯ ಟೊಪ್ಪಿ, ತುಂಬುತೋಳಿನ ಅಂಗಿ ಇವೂ ಬಿಸಿಲಿಗೆ ಒಳ್ಳೆಯ ಮರೆಗಳೇ.

ಮೂರನೆಯದು ಬಾಯಿ. ಇಲ್ಲಿ ವಿವೇಚನೆ ಬೇಕು. ಚ್ಯೂಯಿಂಗ್ ಗಮ್, ಬಣ್ಣದ ಮಿಠಾಯಿ, ಕೇಕಿನ ಮೇಲಿನ ಬಿಳಿ ಲೇಪನ ಮುಂತಾದವುಗಳಲ್ಲಿ ಈ ಪುಡಿಯನ್ನು ಬಿಳುಪಿಗಾಗಿ ಬೆರೆಸುವುದುಂಟು. ತಿಂದುದರಲ್ಲಿ ಬಹುಪಾಲು ಜೀರ್ಣವಾಗದೆ ಮಲದೊಡನೆ ಹೊರಹೋಗುತ್ತದೆ. ಆದರೆ ಆ ಪುಡಿಯ ಕೆಲವು ಕಣಗಳು 100 ನ್ಯಾನೋಮೀಟರಿಗಿಂತಲೂ ಚಿಕ್ಕವು. ಅಲ್ಪಾಂಶ ರಕ್ತವನ್ನು ಸೇರಿ ಅಂಗಗಳಲ್ಲಿ ನಿಲ್ಲಬಹುದು. ಐರೋಪ್ಯ ಒಕ್ಕೂಟದ ಆಹಾರ ಸುರಕ್ಷತಾ ಸಂಸ್ಥೆಯು 2021ರ ಮೇ ತಿಂಗಳಿನಲ್ಲಿ, ಇದು ಜೀವಕೋಶದ ವಂಶವಾಹಿಗಳಿಗೆ ಹಾನಿ ಮಾಡುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಆದ್ದರಿಂದ ಆಹಾರದಲ್ಲಿ ಸುರಕ್ಷಿತವೆಂದು ಹೇಳಲಾಗದು ಎಂದಿತು. 2022ರಲ್ಲಿ ಅಲ್ಲಿ ಆಹಾರದಲ್ಲಿ ಇದರ ಬಳಕೆ ನಿಷಿದ್ಧವಾಯಿತು. ಇತ್ತ ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವ ಆಹಾರ ಸಂಸ್ಥೆಗಳ ಜಂಟಿ ತಜ್ಞ ಸಮಿತಿಯು 2023ರಲ್ಲಿ ಮತ್ತೆ ಪರಿಶೀಲಿಸಿ, ಹಿಂದಿನ ತನ್ನ ಅನುಮತಿಯನ್ನು ಬದಲಿಸುವ ಕಾರಣವಿಲ್ಲವೆಂದಿತು. ಅಮೆರಿಕದಲ್ಲಿ ಆಹಾರದ ತೂಕದ ಶೇಕಡ 1ರವರೆಗೆ ಅನುಮತಿಯಿದೆ. ಅಂದರೆ ಯುರೋಪಿನ ನಿಷೇಧ ಮುನ್ನೆಚ್ಚರಿಕೆಯ ಕ್ರಮ. ವಿಷವೆಂದು ಸಿದ್ಧವಾಗಿದೆ ಎಂಬ ತೀರ್ಪಲ್ಲ. ಆದರೂ ಕೇವಲ ಕಣ್ಣಿನ ಸೊಗಸಿಗಾಗಿ ಬೆರೆಸುವ ಪುಡಿಯನ್ನು ಮಕ್ಕಳಿಗೆ ತಿನ್ನಿಸುವ ಅಗತ್ಯವೇನು?

ಗುಳಿಗೆಯ ಮಾತು ಬೇರೆ. ಅಲ್ಲಿ ಈ ಲೇಪನ ಬರಿಯ ಅಲಂಕಾರವಲ್ಲ. ರಕ್ತದೊತ್ತಡಕ್ಕೆ ಕೊಡುವ ನಿಫೆಡಿಪಿನ್‌ನಂತಹ ಔಷಧಗಳು ಬೆಳಕು ತಗುಲಿದರೆ ಕೆಡುತ್ತವೆ. ಬಿಳಿಯ ಪೊರೆ ಬೆಳಕನ್ನು ತಡೆದು ಔಷಧದ ಬಲವನ್ನು ಕಾಪಾಡುತ್ತದೆ. ಒಂದು ಗುಳಿಗೆಯ ಲೇಪನದಲ್ಲಿ ಈ ಪುಡಿ ಕೆಲವು ಮಿಲಿಗ್ರಾಂಗಳನ್ನು ಮೀರುವುದು ವಿರಳ. ಆಹಾರದಲ್ಲಿ ನಿಷೇಧಿಸಿದ ಐರೋಪ್ಯ ಒಕ್ಕೂಟವೇ ಔಷಧಗಳಲ್ಲಿ ಇದನ್ನು ಉಳಿಸಿಕೊಂಡಿದೆ. ಗುಳಿಗೆಯ ಲೇಪನಕ್ಕೆ ಅಂಜಿ ರಕ್ತದೊತ್ತಡದ ಔಷಧವನ್ನು ಬಿಟ್ಟರೆ ಆಗುವ ಅಪಾಯವೆಂದರೆ ಪಾರ್ಶ್ವವಾಯು, ಹೃದಯಾಘಾತ, ಮೂತ್ರಪಿಂಡದ ವೈಫಲ್ಯ. ಒಂದು ಕಡೆ ಸಂಶಯ, ಇನ್ನೊಂದು ಕಡೆ ಸಿದ್ಧವಾದ ಅಪಾಯ; ಯಾವುದಕ್ಕೆ ಹೆಚ್ಚು ಅಂಜಬೇಕೆಂಬುದು ಸ್ಪಷ್ಟವಾಗಿದೆ.

ನಾಲ್ಕನೆಯದು ಉಸಿರು. ಇದೇ ನಿಜವಾಗಿ ಎಚ್ಚರ ವಹಿಸಬೇಕಾದ ಬಾಗಿಲು. ವಿಶ್ವ ಆರೋಗ್ಯ ಸಂಸ್ಥೆಯ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು, ಹೆಚ್ಚಿನ ಪ್ರಮಾಣದ ಧೂಳನ್ನು ಉಸಿರಾಡಿದ ಇಲಿಗಳ ಶ್ವಾಸಕೋಶದಲ್ಲಿ ಗಡ್ಡೆಗಳಾದುದನ್ನು ಆಧರಿಸಿ, ಟೈಟೇನಿಯಂ ಡೈಆಕ್ಸೈಡನ್ನು ‘ಮನುಷ್ಯನಲ್ಲಿ ಕ್ಯಾನ್ಸರ್ ಉಂಟುಮಾಡಬಹುದಾದ’ ವಸ್ತುಗಳ ಗುಂಪಿಗೆ ಸೇರಿಸಿದೆ. ಗೋಡೆಯ ಮೇಲೆ ಒಣಗಿ ಅಂಟಿಕೊಂಡ ಬಣ್ಣದಿಂದ ಈ ಭಯವಿಲ್ಲ. ಒಣಪುಡಿಯನ್ನು ಕಲಸುವವರಿಗೆ, ಹಳೆಯ ಬಣ್ಣವನ್ನು ಮರಳುಕಾಗದದಿಂದ ಉಜ್ಜುವವರಿಗೆ ಧೂಳಿನ ಭಯವಿದೆ. ವೆಲ್ಡಿಂಗ್ ಕಡ್ಡಿಗಳ ಹೊರಲೇಪನದಲ್ಲಿಯೂ ರೂಟೈಲನ್ನು ಬಳಸುತ್ತಾರೆ. ಅಲ್ಲಿ ಏಳುವ ಹೊಗೆಯಲ್ಲಿ ಅನೇಕ ಲೋಹಗಳ ಕಣಗಳಿದ್ದು, ಎಲ್ಲ ಬಗೆಯ ವೆಲ್ಡಿಂಗ್ ಹೊಗೆಯನ್ನೂ ಅದೇ ಸಂಸ್ಥೆ ಕ್ಯಾನ್ಸರ್‌ಕಾರಕವೆಂದು ನಿಶ್ಚಯಿಸಿದೆ. ನಮ್ಮ ಕರಾವಳಿಯಲ್ಲಿ ದೋಣಿ ದುರಸ್ತಿಯ ಕಾಯಕದಲ್ಲಿರುವ ಯುವಕರು ಕಣ್ಣಿಗೆ ಕನ್ನಡಿ ಹಿಡಿದರೂ ಮೂಗಿಗೆ ಏನನ್ನೂ ಕಟ್ಟದಿರುವುದನ್ನು ನಾವು ಕಂಡಿದ್ದೇವೆ.

ಕರಿಮರಳು ಅಪಾಯವೇ?

ತೀರದಲ್ಲಿ ಆಡುವ ಮಕ್ಕಳ ಬಗ್ಗೆ ತಾಯಂದಿರು ಕೇಳುವುದು ಸಹಜ. ಮರಳಿನ ಹರಳು ಶ್ವಾಸಕೋಶದ ಆಳಕ್ಕೆ ಇಳಿಯಲಾರದಷ್ಟು ದಪ್ಪ. ಅದರಲ್ಲಿರುವ ಇಲ್ಮನೈಟ್ ನೀರಿನಲ್ಲಿಯೂ ಬೆವರಿನಲ್ಲಿಯೂ ಕರಗುವುದಿಲ್ಲ. ಆಡಿ ಬಂದ ಮೇಲೆ ಕೈಕಾಲು ತೊಳೆದರೆ ಸಾಕು. ಕೇರಳದ ಮರಳಿನಲ್ಲಿ ವಿಕಿರಣ ಸೂಸುವ ಮೊನಜೈಟ್ ಹೆಚ್ಚಾಗಿದೆ. ಅಲ್ಲಿಯ ಕರುನಾಗಪ್ಪಳ್ಳಿಯ ಸುಮಾರು 70,000 ನಿವಾಸಿಗಳನ್ನು ಸರಾಸರಿ 10 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ, ಆ ನೈಸರ್ಗಿಕ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಾದುದು ಕಂಡುಬರಲಿಲ್ಲ. ಕರಿಮರಳಿಗೆ ಅಂಜಬೇಕಾಗಿಲ್ಲ. ಹಾಗೆಯೇ ಅದನ್ನು ಔಷಧಿಯೆಂದು ಮೈಗೆ ಬಳಿದುಕೊಳ್ಳುವುದೂ, ಅಗೆದು ಸಾಗಿಸುವುದೂ ಸಲ್ಲದು. ತೀರದ ಮರಳು ಊರನ್ನು ಕಡಲ ಕೊರೆತದಿಂದ ಕಾಯುವ ಕೋಟೆ.

ಭಕ್ತರು ಪಾಲಿಸಬೇಕಾದುದು

1. ಗುಳಿಗೆಯ ಪಟ್ಟಿಯಲ್ಲಿ ಈ ಹೆಸರನ್ನು ಕಂಡು ಔಷಧವನ್ನು ನಿಲ್ಲಿಸಬೇಡಿ. ಸಂಶಯವಿದ್ದರೆ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.

2. ಪೊಟ್ಟಣದ ತಿನಿಸು ಕೊಳ್ಳುವಾಗ ಹಿಂಬದಿಯನ್ನು ಓದಿ. ಬಣ್ಣದ ವಿವರದಲ್ಲಿ 171 ಎಂಬ ಸಂಖ್ಯೆಯಿದ್ದರೆ ಅದು ಟೈಟೇನಿಯಂ ಡೈಆಕ್ಸೈಡ್. ಮಕ್ಕಳಿಗೆ ಅದನ್ನು ನಿತ್ಯದ ರೂಢಿಯಾಗಿಸಬೇಡಿ. ಜಾತ್ರೆಯ ಬತ್ತಾಸಿನ ಬಿಳುಪು ಸಕ್ಕರೆಯದು, ಮಂಡಕ್ಕಿಯ ಬಿಳುಪು ಅಕ್ಕಿಯದು. ಪದಾರ್ಥದ ಸಹಜ ಬಿಳುಪಿಗೆ ಪುಡಿಯ ಹಂಗಿಲ್ಲ.

3. ಚಿಕ್ಕ ಮಕ್ಕಳು ಹಲ್ಲುಜ್ಜುವಾಗ ಪೇಸ್ಟನ್ನು ನುಂಗದೆ ಉಗುಳುವುದನ್ನು ಕಲಿಸಿ. ಬಟಾಣಿ ಕಾಳಿನಷ್ಟು ಪೇಸ್ಟು ಸಾಕು.

4. ಮನೆಗೆ ಬಣ್ಣ ಬಳಿಸುವಾಗ ಹಳೆಯ ಬಣ್ಣವನ್ನು ಒಣದಾಗಿ ಉಜ್ಜಿಸದೆ ನೀರು ಹಾಕಿ ಒದ್ದೆ ಮಾಡಿ ಉಜ್ಜಿಸಿ. ಹಳೆಯ ಪದರಗಳಲ್ಲಿ ಸೀಸವೂ ಇರಬಹುದು. ಮನೆಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರಲ್ಲಿ. ಗರ್ಭಿಣಿಯರನ್ನೂ ಮಕ್ಕಳನ್ನೂ ಆ ದಿನಗಳಲ್ಲಿ ದೂರವಿರಿಸಿ.

5. ಬಣ್ಣದ ಮತ್ತು ವೆಲ್ಡಿಂಗ್ ಕಾಯಕದವರು ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸನ್ನು ಧರಿಸಿ, ಗಾಳಿಯಾಡುವ ಕಡೆ ಕೆಲಸ ಮಾಡಿ. ಮುಖಕ್ಕೆ ಕಟ್ಟಿದ ಕರವಸ್ತ್ರ ಸಾಲದು. ಕೆಲಸ ಮಾಡಿಸುವ ಯಜಮಾನರು ಅದನ್ನು ಒದಗಿಸುವುದು ಧರ್ಮ.

6. ದೇಹದಲ್ಲಿ ಟೈಟೇನಿಯಂ ಪಟ್ಟಿ ಅಥವಾ ಕೀಲು ಇರುವವರು ಎಂ.ಆರ್.ಐ. ಪರೀಕ್ಷೆಗೆ ಮುನ್ನ ಅದನ್ನು ತಪ್ಪದೆ ತಿಳಿಸಿ. ಸಾಮಾನ್ಯವಾಗಿ ಅಡ್ಡಿಯಾಗದು, ಆದರೆ ಪರೀಕ್ಷಿಸುವವರಿಗೆ ಗೊತ್ತಿರಬೇಕು.

ಧಾರೇಶ್ವರದ ತಾಯಿ ಮುಂದಿನ ವಾರ ಮೊಮ್ಮಗನೊಡನೆ ಮತ್ತೆ ಬಂದರು. ಗುಳಿಗೆ ಬಿಟ್ಟ ದಿನಗಳಲ್ಲಿ ಅವರ ರಕ್ತದೊತ್ತಡ ಏರಿತ್ತು. ವೈದ್ಯರು ಗದರಿಸದೆ ತಿಳಿಹೇಳಿ ಅದೇ ಗುಳಿಗೆಯನ್ನು ಮುಂದುವರಿಸಿದ್ದರು. ಮೊಮ್ಮಗ ತಲೆ ತಗ್ಗಿಸಿ ನಿಂತಿದ್ದ. ಅವನನ್ನು ನಾವು ದೂಷಿಸಲಿಲ್ಲ. ಪಟ್ಟಿಯ ಹಿಂಬದಿಯನ್ನು ಓದುವ ಹುಡುಗ ಒಳ್ಳೆಯ ಕೆಲಸವನ್ನೇ ಮಾಡಿದ್ದಾನೆ. ಓದಿದ ಮೇಲೆ ತಿಳಿದವರನ್ನು ಕೇಳುವುದೊಂದು ಬಾಕಿಯಿತ್ತು. “ಇನ್ನು ಮೇಲೆ ಅಜ್ಜಿಯ ಗುಳಿಗೆಯ ಹೊತ್ತನ್ನು ನೆನಪಿಸುವ ಕೆಲಸ ನಿನ್ನದು” ಎಂದು ಹೇಳಿ ಕಳುಹಿಸಿದೆವು. ಅವನು ಒಪ್ಪಿಕೊಂಡಿದ್ದಾನೆ.